ಅವ್ವ ಎರಡು ಸಲ ಸತ್ತ ವರ್ಷ

ಸರಕಾರದ ಲೆಕ್ಕದಲ್ಲಿ ನಮ್ಮ ಅವ್ವ ಒಂದೇ ವರ್ಷ ಎರಡು ಸಲ ಸತ್ತಿದ್ದಾಳೆ. ಒಮ್ಮೆ 'ಕೊಲೆ' ಎಂಬ ಕಾಲಮಿನಲ್ಲಿ, ಇನ್ನೊಮ್ಮೆ 'ವಿಷದಿಂದ ಆದ ಸಾವು' ಎಂಬ ಕಾಲಮಿನಲ್ಲಿ. ಬದುಕಿದ್ದಾಗ ಹೇಳಿದ ಮಾತನ್ನೇ ಎರಡನೆಯ ಸಲ ಹೇಳಬೇಕಾಗಿ ಬಂದರೆ ಸಿಡುಕುತ್ತಿದ್ದ ಹೆಂಗಸು. ಸತ್ತ ಮೇಲೆ ಅವಳಿಂದ ಈ ಕೆಲಸ ಮಾಡಿಸಿದವರು ನಮ್ಮ ಕಚೇರಿಯವರು.

ನಾನಿರುವುದು ರೋಣದಲ್ಲಿ. ಕಚೇರಿ ಯಾವುದೆಂದು ಹೇಳುವುದಿಲ್ಲ, ಹೇಳಿದರೂ ನಿಮಗೆ ಅದು ಬೇರೆ ಕಚೇರಿಗಳಿಗಿಂತ ಭಿನ್ನವಾಗಿ ಕಾಣುವುದಿಲ್ಲ. ಅಲ್ಲಿ ನನ್ನ ಕೆಲಸ ಅಂಕಿಗಳದು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳಲ್ಲಿ ಮಳೆ ಎಷ್ಟಾಯಿತು, ಕುರಿ ಎಷ್ಟಿವೆ, ಕೊಳವೆಬಾವಿ ಎಷ್ಟು, ಕೊಲೆಯಾದವರು ಎಷ್ಟು, ವಿಷದಿಂದ ಸತ್ತವರು ಎಷ್ಟು ಎಂದು ಬೇರೆ ಬೇರೆ ಇಲಾಖೆಗಳಿಂದ ತರಿಸಿ, ಜೋಡಿಸಿ, ಮೇಲಿನವರಿಗೆ ಕಳಿಸುವುದು. ಕೊನೆಗೆ ಅದೊಂದು ಪುಸ್ತಕವಾಗುತ್ತದೆ. ಅದರಲ್ಲಿ ಕುರಿಗಳ ಪುಟ ತಿರುವಿದರೆ ಕೊಲೆಗಳ ಪುಟ. ಯಾರೂ ಓದುವುದಿಲ್ಲ, ಆದರೆ ಎಲ್ಲ ಸಾಹೇಬರ ಮೇಜಿನ ಮೇಲೂ ಅದು ಇರಲೇಬೇಕು.

ಅಂಕಿಗಳ ಮೇಲೆ ನನಗೆ ಮೊದಲಿನಿಂದಲೂ ಅಂಥ ಭಕ್ತಿ ಇಲ್ಲ. ಗಜೇಂದ್ರಗಡ ರೋಣದಿಂದ ಒಡೆದು ತಾನೇ ತಾಲೂಕಾದ ಮೇಲೆ, ಅದರ ಊರುಗಳ ಹೆಣಗಳೂ ಅದರ ಪಾಲಿಗೇ ಹೋದವು. ಹೋಗದೆ ಇನ್ನೇನು? ಆದರೆ ಒಬ್ಬ ಪುಢಾರಿ ವೇದಿಕೆ ಹತ್ತಿ, ನಮ್ಮ ಕಾಲದಾಗ ರೋಣದಾಗ ಅಪರಾಧ ಇಳದಾವು ಎಂದು ಎದೆ ತಟ್ಟಿಕೊಂಡ. ಜನ ಚಪ್ಪಾಳೆಯನ್ನೂ ತಟ್ಟಿದರು. ನಾನು ಮುಂದಿನ ಸಾಲಿನಲ್ಲಿ ಕೂತು ನಕ್ಕಿದ್ದೆ. ಈ ಅಂಕಿಗಳು ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬರುತ್ತವೆ ಎಂದು ಆಗ ಅನ್ನಿಸಿರಲಿಲ್ಲ.

ನಮ್ಮ ತವರು ಸೂಡಿ-ಮುಶಿಗೇರಿಯ ಕಡೆಯ ಒಂದು ಸಣ್ಣ ಊರು. ಕಪ್ಪು ಎರಿ ಭೂಮಿ, ಮಳೆ ನಂಬಿದ ಬೇಸಾಯ, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇದೆ. ಬಿತ್ತನೆ ಮುಗಿದ ದಿನ ಕೂರಿಗೆ ತೊಳೆದು ಪೂಜೆ ಮಾಡಬೇಕು. ಬಿತ್ತುವವರ ಉಡಿಯಲ್ಲಿ ಉಳಿದ ಬೀಜವನ್ನು ತಿರುಗಿ ಚೀಲಕ್ಕೆ ಸುರಿಯಬಾರದು, ಚೆಲ್ಲಲೂಬಾರದು. ಅದನ್ನು ಅಂದೇ ಕುದಿಸಿ, ಗುಗ್ಗರಿ ಮಾಡಿ, ಹೊಲಕ್ಕೆ ಬಂದವರೆಲ್ಲ ಕೂತು ತಿನ್ನಬೇಕು. ಭೂಮಿತಾಯಿಗೆ ಒಯ್ದದ್ದನ್ನು ಮನೆಗೆ ವಾಪಸ್ಸು ತಂದು ಕೂಡಿಟ್ಟರೆ ಆಕೆ ಮುನಿಯುತ್ತಾಳಂತೆ. ನಾವು ಸಣ್ಣವರಿದ್ದಾಗ ಆ ಗುಗ್ಗರಿಗೆ ಕಾದು ಕೂರುತ್ತಿದ್ದೆವು. ಬೆಲ್ಲ, ಕೊಬ್ಬರಿ ಹಾಕಿದರೆ ಅದರ ರುಚಿಯೇ ಬೇರೆ.

ಆಗ ಬೀಜಕ್ಕೆ ಹಚ್ಚುತ್ತಿದ್ದದ್ದು ಬೂದಿ. ಈಗ ಹುಳ ಹತ್ತಬಾರದೆಂದು, ಗೆದ್ದಲು ತಿನ್ನಬಾರದೆಂದು ಎಣ್ಣೆ ಹಚ್ಚುತ್ತಾರೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಅದರ ಮೇಲೆ ಗುಲಾಬಿ ಬಣ್ಣದ ಪುಡಿ. ಆ ಬಣ್ಣ ಇರುವುದೇ ತಿನ್ನಬೇಡಿ ಎಂದು ಹೇಳಲು. ಅವ್ವನಿಗೂ ಅದು ಗೊತ್ತಿತ್ತು. ಆದರೆ ಕಟ್ಟಳೆ ಬಿಡುವ ಹೆಂಗಸಲ್ಲ ಅವಳು. ಅದಕ್ಕೇ ನಮ್ಮ ಅಣ್ಣ ಪ್ರತಿ ವರ್ಷ ಒಂದು ಸೇರು ಕಡಲೆಯನ್ನು ಏನೂ ಹಚ್ಚದೆ ತೆಗೆದಿಟ್ಟು, ಅದನ್ನೇ ಉಡಿಯಲ್ಲಿ ಉಳಿದದ್ದು ಎಂದು ಅವ್ವನ ಮುಂದೆ ಸುರಿಯುತ್ತಿದ್ದ. ದೇವರಿಗೂ ಸಮಾಧಾನ, ಅವ್ವನಿಗೂ ಸಮಾಧಾನ. ಆ ವರ್ಷ ಮೋಡ ಕವಿದು ಹೆದರಿಸಿತು. ಅವಸರದಲ್ಲಿ ಅವನು ಇಡೀ ಚೀಲಕ್ಕೆ ಎಣ್ಣೆ ಬಳಿದುಬಿಟ್ಟ. ಬಿತ್ತಿ ಬಂದ, ದಣಿದಿದ್ದ, ಉಳಿದ ಕಾಳನ್ನು ಪಡಸಾಲೆಯಲ್ಲಿಟ್ಟು ಎತ್ತುಗಳಿಗೆ ನೀರು ಕುಡಿಸಲು ಹೋದ.

ಮುಂದಿನದನ್ನು ನಾನು ನೋಡಲಿಲ್ಲ, ಆಮೇಲೆ ಕೇಳಿ ತಿಳಿದದ್ದು. ವೈನಿ, ಅಂದರೆ ಅಣ್ಣನ ಹೆಂಡತಿ, ಆ ಕಾಳು ನೋಡಿದ ಕೂಡಲೇ ಬೇಡ ಎಂದಿದ್ದಾಳೆ. ಅವಳ ತವರು ಹೊಳೆಮಣ್ಣೂರ, ಮಲಪ್ರಭೆಯ ದಂಡೆ. ಅವರಲ್ಲಿ ಈ ಕಟ್ಟಳೆ ಇಲ್ಲ.

"ಅತ್ತೀ, ಇವು ಎಣ್ಣಿ ಹಚ್ಚಿದ ಕಾಳು. ನಮ್ಮೂರಾಗ ಇಂಥಾವು ಉಳದ್ರ ತೆಗ್ಗ ತೋಡಿ ಹುಗೀತಾರ."

"ಹೊಳಿ ಬಂತಂದ್ರ ಮನೀನ ಬಿಟ್ಟ ಓಡೂ ಮಂದಿ ನೀವು. ನಿಮ್ಮೂರ ರೀತಿ ನನಗ ಹೇಳಬ್ಯಾಡ. ಬಣ್ಣ ಹೋಗೂಮಟ ತೊಳದ್ರ ಆತು. ತಾ ಇಲ್ಲಿ, ನಾನ ತೊಳೀತೀನಿ."

ಅವ್ವ ತಾನೇ ತೊಳೆದಳು. ತೊಳೆದ ನೀರು ಗುಲಾಬಿಯಾಗಿ ಹರಿದು, ಆಮೇಲೆ ತಿಳಿಯಾಯಿತು. ನೀರು ತಿಳಿಯಾದರೆ ವಿಷ ಹೋಯಿತೆಂದು ಅವಳ ಲೆಕ್ಕ. ವೈನಿಯ ಕೈಗೆ ಪಾತ್ರೆ ಕೊಟ್ಟು, ಕುದಸ ಎಂದಳು. ಸೊಸೆ ಕುದಿಸಿದಳು. ಅತ್ತೆ ಹೇಳಿದ ಮೇಲೆ ಕುದಿಸದೆ ಇರುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಬೇಕು.

ಎಲ್ಲರಿಗೂ ವೈನಿಯೇ ಬಡಿಸಿದಳು. ಅಣ್ಣನಿಗೆ ಒಂದು ಮುಷ್ಟಿ, ಅವನು ಮಾತಾಡುತ್ತ ಒಂದಿಷ್ಟು ಬಾಯಿಗೆ ಹಾಕಿಕೊಂಡ. ತಟ್ಟೆಯಲ್ಲಿರುವುದು ಯಾವ ಕಾಳೆಂದು ಗಂಡಸರು ನೋಡುತ್ತಾರೆಯೇ? ಬಿತ್ತಲು ಬಂದ ಇಬ್ಬರು ಆಳುಗಳಿಗೆ ಕೊಟ್ಟಳು. ಬಾಜು ಮನೆಯ ಕಾಕಿಗೆ ಗೋಡೆಯ ಮೇಲಿಂದ ಒಂದು ಬಟ್ಟಲು ದಾಟಿಸಿದಳು. ಎಲ್ಲರಿಗಿಂತ ಹೆಚ್ಚು ತಿಂದವಳು ಅವ್ವ, ಪ್ರಸಾದವೆಂದು. ವೈನಿ ತಿನ್ನಲು ಕೂರುವುದರೊಳಗೆ ಆಳುಗಳು ಹಿತ್ತಲಿಗೆ ಓಡಿ ವಾಂತಿ ಮಾಡತೊಡಗಿದರು. ಅಣ್ಣನ ಕಣ್ಣು ಮಂಜಾಯಿತು. ಅವ್ವನ ಬಾಯಿಯ ಜೊಲ್ಲು ನಿಲ್ಲಲಿಲ್ಲ. ಯಾರದೋ ವಾಹನ ಹಿಡಿದು ಗಜೇಂದ್ರಗಡಕ್ಕೆ ಒಯ್ದರು. ಗಂಡಸರು ಅಲ್ಲಿಯೇ ಉಳಿದರು, ಬದುಕಿಕೊಂಡರು. ಅವ್ವನನ್ನು ಮುಂದೆ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು ಡಾಕ್ಟರು. ದಾರಿ ರೋಣದ ಮೇಲೇ ಹಾಯುತ್ತದೆ, ನಾನು ರಸ್ತೆಗೆ ಬಂದು ನಿಂತಿದ್ದೆ. ವಾಹನ ಬಂದು ನಿಂತಾಗ ವೈನಿ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು. ನಾನು ಬೀದಿಯಲ್ಲೇ ಕೂತು ಅತ್ತೆ.

ಅಲ್ಲಿಗೆ ಮುಗಿಯಬೇಕಿತ್ತು. ಮುದುಕಿಯ ಹಟ, ಮಗನ ಮರೆವು, ಒಂದು ಸಾವು. ಆದರೆ ನರಗುಂದದಿಂದ ಸೋದರಮಾವ ಬಂದ. ಅವ್ವನ ತಮ್ಮ, ಮಾರುಕಟ್ಟೆಯಲ್ಲಿ ಕಾಳಿನ ವ್ಯಾಪಾರ. ಅಕ್ಕ ಬದುಕಿದ್ದಾಗ ಹಬ್ಬಕ್ಕೂ ಬಂದು ಮುಖ ತೋರಿಸದವನಿಗೆ ಹೆಣದ ಮುಂದೆ ಉಕ್ಕಿ ಬಂದ ಪ್ರೀತಿ ಹೇಳತೀರದು. ಅವನ ಮಗಳನ್ನು ನಮ್ಮ ಅಣ್ಣ ಮಾಡಿಕೊಳ್ಳಲಿಲ್ಲ, ಹೊಳೆಮಣ್ಣೂರಿನವಳನ್ನು ಮಾಡಿಕೊಂಡ. ಆ ಸಿಟ್ಟು ಇಷ್ಟು ವರ್ಷ ಅವನ ಹೊಟ್ಟೆಯಲ್ಲಿ ಕೆಡದೆ ಉಳಿದಿತ್ತು. ಅವನು ಅಂಗಳದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದ.

"ಎಲ್ಲಾರೂ ತಿಂದಾರ. ಆಕಿ ಯಾಕ ತಿಂದಿಲ್ಲ?"

ನೆರೆದವರೆಲ್ಲ ಹೌದಲ್ಲ ಎಂಬ ಹಾಗೆ ವೈನಿಯ ಕಡೆ ತಿರುಗಿದರು. ಆ ಅಂಗಳದಲ್ಲಿ ನಿಂತ ಒಬ್ಬೊಬ್ಬ ಗಂಡಸಿನ ಮನೆಯಲ್ಲೂ ಹೆಂಡತಿ ಕೊನೆಗೇ ಉಣ್ಣುತ್ತಾಳೆ. ಗಂಡ, ಅತ್ತೆ, ಮಾವ, ಮಕ್ಕಳು, ಬಂದವರು, ಹೋದವರು ಎಲ್ಲರೂ ಉಂಡು ಕೈ ತೊಳೆದ ಮೇಲೆ, ತಳದಲ್ಲಿ ಏನು ಉಳಿದಿದೆಯೋ ಅದನ್ನು. ಮೊದಲೇ ಉಂಡರೆ ಅವಳಿಗೆ ಏನೇನು ಹೆಸರು ಬರುತ್ತದೆಂದು ನನಗೆ ಗೊತ್ತು, ನಿಮಗೂ ಗೊತ್ತು. ಕೊನೆಗೆ ಉಣ್ಣುವುದು ಕೊಲೆಯ ಗುರುತಾದರೆ ರೋಣ, ನರಗುಂದ, ಗಜೇಂದ್ರಗಡದ ಹೆಣ್ಣುಮಕ್ಕಳೆಲ್ಲ ಕೊಲೆಗಾರರು. ಅವರನ್ನೆಲ್ಲ ಕೂಡಿಹಾಕಲು ಈ ಸರಕಾರ ಎಲ್ಲಿ ಜಾಗ ಹುಡುಕುತ್ತದೆ?

ಮಾವ ದೂರು ಕೊಟ್ಟ. ಪೊಲೀಸರು ಬಾಜು ಮನೆಯ ಕಾಕಿಯನ್ನು ಕೇಳಿದರು. ಕಾಕಿ ತನ್ನ ಬಟ್ಟಲನ್ನು ಆರಲಿ ಎಂದು ಇಟ್ಟಿದ್ದರಿಂದ ಬದುಕಿದ್ದಳು. ಆಕೆ ಹೇಳಿದ್ದು ಇಷ್ಟು: ಸೊಸಿ ಒಂದ ಕಾಳೂ ಬಾಯಾಗ ಹಾಕಲಿಲ್ರಿ. ಅದು ಖರೇ ಮಾತೇ. ಅಂಥ ಖರೇ ಮಾತಿನಿಂದ ವೈನಿಯನ್ನು ಕರೆದೊಯ್ದರು. ಯಾವ ಠಾಣೆಯೆಂಬುದು ಮುಖ್ಯವಲ್ಲ, ಬೇರೆ ಠಾಣೆಯಾಗಿದ್ದರೂ ಇದೇ ಆಗುತ್ತಿತ್ತು.

ನಾನು ಹೋಗಿ ಅಲ್ಲಿನ ಅಧಿಕಾರಿಯ ಮುಂದೆ ಕೂತೆ. ಸತ್ತವಳ ಮಗಳೇ ಬಂದು ಸೊಸೆಯ ಪರ ಮಾತಾಡುತ್ತಾಳೆಂದು ಅವರಿಗೆ ಬೆರಗು.

"ನೀವು ಅಲ್ಲಿ ಇದ್ರೇನ್ರಿ?"

"ಇರಲಿಲ್ರಿ. ಆದ್ರ ನಮ್ಮ ಅವ್ವ ಎಂಥಾಕಿ ಅಂತ ನನಗ ಗೊತ್ತೈತ್ರಿ. ಆಕಿ ಹೇಳದ ಆ ಮನ್ಯಾಗ ಒಲಿ ಹೊತ್ತೂದಿಲ್ಲ."

"ಅದೆಲ್ಲಾ ಸರಿ. ಮತ್ತ ಆಕಿ ಯಾಕ ತಿನ್ನಲಿಲ್ಲ?"

"ಸಾಹೇಬ್ರ, ನಿಮ್ಮ ಮನ್ಯಾಗ ನಿಮ್ಮ ಮನಿಯವ್ರು ಯಾವಾಗ ಉಣ್ತಾರ್ರಿ?"

"ನಾ ಉಂಡ ಮ್ಯಾಲ," ಎಂದರು, ನಕ್ಕರು. ಬರೆಯುತ್ತಿದ್ದವನ ಕಡೆ ನೋಡಿ, ಇದನ್ನೇನೂ ಬರೆಯಬೇಡ ಎಂಬಂತೆ ಕೈ ಆಡಿಸಿದರು. ನನ್ನ ಮೈಯೆಲ್ಲ ಉರಿದು ಹೋಯಿತು.

ಅದಕ್ಕಿಂತ ಹೆಚ್ಚು ಉರಿದದ್ದು ಅಣ್ಣನ ಮೇಲೆ. ದವಾಖಾನೆಯಿಂದ ಬಂದವನು ತುಟಿ ಬಿಚ್ಚಲಿಲ್ಲ. ಅವ್ವನೇ ಹಟ ಮಾಡಿ ಮಾಡಿಸಿದಳು, ಎಣ್ಣೆ ಹಚ್ಚಿದ್ದು ನಾನು, ಬೇರೆ ಕಡಲೆ ತೆಗೆದಿಡಲು ಮರೆತವನು ನಾನು ಎಂದು ಹೇಳಲು ಅವನಿಗೇನು ಕಷ್ಟ? ಕೇಳಿದೆ.

"ಸತ್ತಾಕಿ ಮ್ಯಾಲ ತಪ್ಪು ಹ್ಯಾಂಗ ಹಾಕೂದವ್ವಾ? ಮಂದಿ ಏನಂದಾರು?"

"ಜೀವಂತ ಇದ್ದಾಕಿ ಮ್ಯಾಲ ಹಾಕಬಹುದೇನು?"

ಅವನು ಎದ್ದು ಎತ್ತಿನ ಕಡೆ ಹೋದ. ನಮ್ಮ ಗಂಡಸರಿಗೆ ಉತ್ತರ ಹೊಳೆಯದಿದ್ದಾಗ ಎತ್ತಿಗೆ ಹಸಿವಾಗುತ್ತದೆ. ವೈನಿ ಜೈಲಿನಲ್ಲಿದ್ದಳು. ನೋಡಲು ಹೋದವಳು ನಾನೊಬ್ಬಳೇ. ಅವಳು ತನ್ನ ವಿಷಯ ಏನೂ ಕೇಳಲಿಲ್ಲ. "ಅಕ್ಕಾರ, ನೀವರೆ ನಂಬೀರಿ?" ಎಂದು ಅಷ್ಟೇ ಕೇಳಿದಳು. ನಂಬಿದ್ದೇನೆ ಎಂದೆ.

ಆ ಹೊತ್ತಿಗೇ ವರ್ಷದ ಅಂಕಿಗಳು ನನ್ನ ಮೇಜಿಗೆ ಬಂದವು. ಕೊಲೆಯ ಸಾಲಿನಲ್ಲಿ ಅವ್ವ ಇದ್ದಳು, ವಿಷದ ಸಾವಿನ ಸಾಲಿನಲ್ಲೂ ಅವ್ವ ಇದ್ದಳು. ಹೆಸರು ಇರುವುದಿಲ್ಲ, ಬರೀ ಅಂಕಿ. ಆದರೆ ಯಾವ ಅಂಕಿಯಲ್ಲಿ ನನ್ನ ಅವ್ವ ಇದ್ದಾಳೆಂದು ನನಗೆ ಗೊತ್ತಾಗದೆ ಇರುತ್ತದೆಯೇ? ಫೋನು ಮಾಡಿ ಕೇಳಿ ಖಾತ್ರಿ ಮಾಡಿಕೊಂಡೆ. ನಮ್ಮ ಸಾಹೇಬರ ಬಳಿ ಒಯ್ದೆ.

"ಸಾಹೇಬ್ರ, ಇವೆರಡೂ ಒಬ್ಬಾಕಿನ. ಎರಡ ಕಡೆ ಬಂದೈತ್ರಿ."

ಅವರು ಕನ್ನಡಕ ಏರಿಸಿ ನೋಡಿದರು. "ಕೊಲಿ ಆಗೈತೋ ಇಲ್ಲೋ?"

"ಕೇಸ್ ನಡದೈತ್ರಿ. ಇನ್ನೂ ಏನೂ ಸಾಬೀತಾಗಿಲ್ಲ."

"ವಿಷದಿಂದ ಸತ್ತಾಳೋ ಇಲ್ಲೋ?"

"ಹೌದ್ರಿ."

"ಅಂದ್ರ ಎರಡೂ ಸರಿ ಅದಾವು. ಟೈಪ್ ಹೊಡೀರಿ."

ನಾನು ಹೊಡೆಯುವುದಿಲ್ಲ ಎಂದೆ. ಸತ್ತವಳು ನನ್ನ ತಾಯಿ ಎಂದೂ ಹೇಳಿದೆ. ಅವರು ಅಯ್ಯೋ ಪಾಪ ಎಂದರು, ಎರಡು ದಿನ ರಜೆ ಬೇಕಾದರೆ ತಗೊಳ್ಳಿ ಎಂದರು. ಆಮೇಲೆ ನನ್ನ ಕುರ್ಚಿಯಲ್ಲಿ ತಾವೇ ಕೂತು, ಒಂದೇ ಬೆರಳಿನಿಂದ ಹುಡುಕಿ ಹುಡುಕಿ, ನಮ್ಮ ಅವ್ವನನ್ನು ಎರಡು ಕಡೆ ಒತ್ತಿದರು. ಒತ್ತಿ ಚಹಾ ತರಿಸಿದರು.

ವೈನಿಯನ್ನು ಬಿಡಿಸಿದ್ದು ಅಂಕಿ ಅಲ್ಲ, ಅಣ್ಣನೂ ಅಲ್ಲ. ಒಂದು ದಿನ ನಾನು ಬಾಜು ಮನೆಯ ಕಾಕಿಯ ಹತ್ತಿರ ಹೋಗಿ ಕೂತೆ. ಗೋಡೆ ಅಷ್ಟು ತಗ್ಗು, ನಮ್ಮ ಮನೆಯಲ್ಲಿ ಸಾಸಿವೆ ಸಿಡಿದರೆ ಅವರ ಮನೆಗೆ ಕೇಳುತ್ತದೆ.

"ಕಾಕಿ, ಅವತ್ತ ಅವ್ವ ವೈನಿಗೆ ಏನಂದ್ಲು, ಕೇಳಿದ್ದಿಲ್ಲೇನು?"

"ಕೇಳೇನಿ ಯವ್ವಾ, ಎಲ್ಲಾ ಕೇಳೇನಿ. ಬ್ಯಾಡ ಬ್ಯಾಡ ಅಂತ ಆಕಿ ಭಾಳ ಬಡಕೊಂಡ್ಲು. ನಿಮ್ಮವ್ವ ಕೇಳಬೇಕಲ್ಲ. ಹೊಳಿ ಊರಾಕಿ ಅಂತ ಬೈದು ತಾನ ತೊಳಿಯಾಕ ಕುಂತ್ಲು."

"ಮತ್ತ ಪೊಲೀಸರಿಗೆ ಯಾಕ ಹೇಳಲಿಲ್ಲ?"

"ಅವ್ರು ಅದನ್ನ ಕೇಳಲಿಲ್ಲಲ್ಲ. ಆಕಿ ತಿಂದ್ಲೇನು ಅಂತ ಕೇಳಿದ್ರು. ಇಲ್ಲ ಅಂದೆ."

ಆ ಗಳಿಗೆಯಲ್ಲಿ ನನಗೆ ಕಾಕಿಯ ಮೇಲೆ ಬಂದ ಸಿಟ್ಟನ್ನು ಬರೆಯುವುದಿಲ್ಲ. ಅವಳ ಕೈ ಹಿಡಿದು ಎಬ್ಬಿಸಿ ಠಾಣೆಗೆ ಕರೆದುಕೊಂಡು ಹೋದೆ. ಕಾಕಿ ಎಲ್ಲ ಹೇಳಿದಳು. ಆಳುಗಳೂ ಹೇಳಿದರು, ಕಾಳು ತೊಳೆದದ್ದು ಅವ್ವನೇ ಎಂದು. ಪರೀಕ್ಷೆಗೆ ಕಳಿಸಿದ ಗುಗ್ಗರಿಯಲ್ಲೂ ಬೀಜಕ್ಕೆ ಹಚ್ಚಿದ ಎಣ್ಣೆಯೇ ಇತ್ತು, ಬೇರೆ ಏನೂ ಇರಲಿಲ್ಲ. ಆಕಸ್ಮಿಕ ಎಂದು ಬರೆದು ಕಡತ ಮುಚ್ಚಿದರು. ವೈನಿ ಮನೆಗೆ ಬಂದಳು. ಕರೆದೊಯ್ಯಲು ಜೀಪು ಬಂದಾಗ ಇಡೀ ಓಣಿ ನಿಂತು ನೋಡಿತ್ತು. ತಿರುಗಿ ಬಂದಾಗ ಯಾರ ಬಾಗಿಲೂ ತೆರೆಯಲಿಲ್ಲ, ಎಲ್ಲರಿಗೂ ಆ ದಿನ ಒಳಗೇ ಕೆಲಸ.

ನಾನು ಮತ್ತೆ ಸಾಹೇಬರ ಬಳಿ ಹೋದೆ. ಕೊಲೆ ಅಲ್ಲವೆಂದು ಪೊಲೀಸರೇ ಬರೆದಿದ್ದಾರೆ, ಅದನ್ನು ತೆಗೆಸಿ ಎಂದೆ.

"ಕಳಿಸಿದ್ದು ಕಳಿಸಿದ್ದ. ಅಚ್ಚಿಗೆ ಹೋಗೈತಿ. ಒಂದು ಅಂಕಿಗಾಗಿ ಯಾಕಿಷ್ಟು ತಲಿ ಕೆಡಿಸ್ಕೊಂತೀರಿ? ಮುಂದಿನ ವರ್ಷ ಒಂದು ಕೊಲಿ ಕಮ್ಮಿ ತೋರಿಸಿ ಹೊಂದಿಸಿದ್ರಾತು."

"ಯಾರ ಕೊಲಿ ಕಮ್ಮಿ ಮಾಡೂಣ್ರಿ?"

"ಯಾರದರೆ," ಎಂದರು, ಕಡತದಿಂದ ತಲೆ ಎತ್ತದೆ.

ಮುಂದಿನ ವರ್ಷ ನರಗುಂದದಲ್ಲೋ ಗಜೇಂದ್ರಗಡದಲ್ಲೋ ನಿಜವಾಗಿ ಕೊಲೆಯಾಗುವ ಒಬ್ಬರು, ಇನ್ನೂ ನಗುತ್ತ ಉಣ್ಣುತ್ತ ಇರುವವರು, ನಮ್ಮ ಅವ್ವನ ಲೆಕ್ಕ ಸರಿಮಾಡಲು ಮಾಯವಾಗಬೇಕು. ಇದನ್ನು ಸಾಹೇಬರು ಆಡಳಿತ ಎನ್ನುತ್ತಾರೆ. ಅವರಿಗೆ ಆಮೇಲೆ ಬಡ್ತಿಯೂ ಸಿಕ್ಕಿತು.

ಪುಸ್ತಕ ಬಂತು. ಯಾರೂ ಓದುವುದಿಲ್ಲ ಎಂದೆನಲ್ಲ, ಒಂದು ಸ್ಥಳೀಯ ಪತ್ರಿಕೆಯವರು ಓದಿದರು. ಕೊಲೆಯ ಅಂಕಿಗಳನ್ನು ಎತ್ತಿ, ಅವುಗಳಲ್ಲಿ ಒಂದು ವಿಷವಿಕ್ಕಿದ್ದು ಎಂದು ತಾವೇ ಸೇರಿಸಿ, ಕಾಲ ಕೆಟ್ಟಿತು ಎಂದು ಸುದ್ದಿ ಮಾಡಿದರು. ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಸೋದರಮಾವ ಅವ್ವನ ವರ್ಷದ ಎಡೆಗೆ ಬಂದ. ಹಬ್ಬಕ್ಕೆ ಬರದವನು ಎಡೆಗೆ ತಪ್ಪಲಿಲ್ಲ. ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಓದಿಸಿದ.

"ಕೊಲಿ ಆಗಿಲ್ಲಂದ್ರ ಸರಕಾರದವ್ರು ಕೊಲಿ ಅಂತ ಯಾಕ ಬರೀತಾರ? ಅವ್ರಿಗೇನು ಹುಚ್ಚೇನು?"

ಹುಚ್ಚಲ್ಲ ಮಾವ, ಸೋಮಾರಿತನ, ಎಂದೆ ನಾನು. ಆ ಅಂಕಿ ಹೇಗೆ ಬಂತೆಂದು ಮೊದಲಿಂದ ಕೊನೆಯವರೆಗೆ ವಿವರಿಸಿದೆ. ಕೇಳಿದವರು ತಲೆ ಆಡಿಸಿದರು. ಆದರೆ ಅವರ ಕಣ್ಣು ಆ ಕಾಗದದ ತುಂಡಿನ ಮೇಲೇ ಇತ್ತು. ಅಚ್ಚಾದ ಮಾತಿನ ಮುಂದೆ ನನ್ನ ಬಾಯಿಮಾತು ನಿಲ್ಲಲಿಲ್ಲ.

ವೈನಿ ಒಬ್ಬಳೇ ಬೆಳಗಿನಿಂದ ಅಡುಗೆ ಮಾಡಿದ್ದಳು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಲೆ, ಅನ್ನ, ಸಾರು. ನಮ್ಮಲ್ಲಿ ಎಡೆಯ ಅಡುಗೆಯನ್ನು ಯಾರೂ ಮುಂಚೆ ಮುಟ್ಟುವಂತಿಲ್ಲ, ವಾಸನೆ ಕೂಡ ನೋಡುವಂತಿಲ್ಲ, ಇಟ್ಟ ಎಡೆಗೆ ಆಮೇಲೂ ಕೈ ಹಾಕುವಂತಿಲ್ಲ. ಉಪ್ಪು ಸರಿಯಾಗಿದೆಯೇ ಎಂದು ನಾಲಿಗೆಗೆ ಹಚ್ಚಿದ ಸೊಸೆಯನ್ನು ಹಿಂದೊಮ್ಮೆ ಇದೇ ಮಾವ ನಮ್ಮ ಬಳಗದಲ್ಲೇ ಎಲ್ಲರೆದುರು ಬೈದು ಅಳಿಸಿದ್ದುಂಟು. ಅವ್ವನ ಫೋಟೋದ ಮುಂದೆ ಎಡೆ ಇಟ್ಟಾಯಿತು. ಸಾಲಾಗಿ ಕೂತವರಿಗೆ ಬಡಿಸಿಯೂ ಆಯಿತು. ಅಣ್ಣ ಕೈ ಮುಗಿದು ಉಣ್ಣಿರಿ ಎಂದ.

ಯಾರೂ ಉಣ್ಣಲಿಲ್ಲ. ಒಬ್ಬರು ಅನ್ನವನ್ನು ಸುಮ್ಮನೆ ಕಲೆಸುತ್ತಿದ್ದರು. ಇನ್ನೊಬ್ಬರು ನೀರಿನ ತಂಬಿಗೆಯನ್ನು ಅತ್ತ ಇತ್ತ ಸರಿಸಿದರು. ಮಾವ ಹುಗ್ಗಿಯನ್ನೇ ನೋಡುತ್ತಿದ್ದ. ಯಾರು ಮೊದಲು ಬಾಯಿಗೆ ಹಾಕುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಅಣ್ಣ ತಲೆ ಬಗ್ಗಿಸಿ ಕೂತ. ನಾನು ಉಣ್ಣಲು ಕೈ ಹಾಕುವಷ್ಟರಲ್ಲಿ ವೈನಿ ಒಳಗಿನಿಂದ ಬಂದಳು.

ಅವಳು ನೇರವಾಗಿ ಅವ್ವನ ಫೋಟೋದ ಮುಂದೆ ಹೋಗಿ ಕೂತಳು. ಎಡೆಯಿಂದಲೇ ಒಂದು ಹಿಡಿ ಹುಗ್ಗಿ ತೆಗೆದು ಬಾಯಿಗೆ ಹಾಕಿಕೊಂಡಳು. ಪಲ್ಲೆ ತಿಂದಳು. ಸಾರನ್ನ ತಿಂದಳು. ಎಲ್ಲರಿಗೂ ಕಾಣುವ ಹಾಗೆ, ನಿಧಾನವಾಗಿ ಅಗಿದು ನುಂಗಿದಳು. ಸತ್ತವಳ ಎಡೆ ಎಂಜಲಾಯಿತು ಎಂದು ಒಬ್ಬರಾದರೂ ಕೂಗುತ್ತಾರೆಂದು ನಾನು ಕಾದೆ. ಬೈದು ಅಳಿಸಿದ ಮಾವ ಕೂಡ ತುಟಿ ಪಿಟಕ್ ಎನ್ನಲಿಲ್ಲ. ಕಟ್ಟಳೆ, ಮಡಿ, ಹಿರಿಯರು, ಎಲ್ಲವನ್ನೂ ಗಾಳಿಗೆ ತೂರಿ ಆ ಮಂದಿ ಅವಳ ಗಂಟಲು ನೋಡುತ್ತ ಕೂತಿತ್ತು.

ವೈನಿ ಕೈ ತೊಳೆದು ಬಂದು ಗೋಡೆಗೆ ಒರಗಿ ನಿಂತಳು.

"ಉಣ್ರಿ, ಹುಗ್ಗಿ ಆರತೈತಿ," ಎಂದಳು. "ನಾ ಇಲ್ಲೇ ನಿಂತಿರ್ತೀನಿ. ನನ್ನ ನೋಡ್ಕೋತ ಉಣ್ರಿ."

ಅವರು ಹಾಗೆಯೇ ಉಂಡರು.